ಹೆಸರು ಅಳಿಸಿದ ಜಾಗ

ಹಾಡು ಮುಗಿಯಿತು. ಹಳೆಯ ಗ್ರಾಮಫೋನ್ ಪ್ಲೇಟುಗಳ ಪದ್ಧತಿಯಂತೆ ಹಾಡಿದಾಕೆ ಕೊನೆಗೆ ತನ್ನ ಹೆಸರು ಕೂಗಿದಳು.

‘ನಾನು ಅಬಲೂರ ಉಡಚವ್ವ.’

ಆಮೇಲೆ ಪ್ಲೇಟಿನ ಮೇಲೆ ಮುಳ್ಳು ಉಜ್ಜುವ ಸದ್ದು. ಅದರ ಹಿಂದೆಯೇ, ಮಣ್ಣಾಗಿ ಹದಿನೇಳು ದಿನವಾದ ಮನುಷ್ಯ ಗಂಟಲು ಸರಿಮಾಡಿಕೊಂಡು ಮಾತಾಡಿದ.

‘ನಾನು ಸವಣೂರ ಹುಸೇನಸಾಬ. ಈ ಪ್ಲೇಟು...’

ಟಕ್. ಅಲ್ಲಿಂದ ಮುಂದೆ ಏನೂ ಇಲ್ಲ.

ಯಂಕವ್ವ ಟೇಪ್‌ರೆಕಾರ್ಡರ್ ನಿಲ್ಲಿಸಿದಳು. ಶಿಗ್ಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನ ಸಣ್ಣ ಕೋಣೆಯೊಳಗೆ ಮಾರ್ಚ್ ತಿಂಗಳ ಬಿಸಿಲು ಕಿಟಕಿಯ ಸರಳು ದಾಟಿ ಬೋರ್ಡಿನ ಮೇಲೆ ಬಿದ್ದಿತ್ತು. ಮಧ್ಯಾಹ್ನ ಮೂರು ಗಂಟೆ, ಊರೆಲ್ಲ ಉಂಡು ಅಡ್ಡಾಗುವ ಹೊತ್ತು, ಒಂದು ಫೋನೂ ಇಲ್ಲ. ಮುಂಗೈ ಮೇಲಿನ ಕೂದಲು ಎದ್ದು ನಿಂತಿದ್ದು ಅವಳಿಗೇ ಕಂಡಿತು. ಹೆದರಿಕೆಯಾಯಿತು, ಅದನ್ನೇನು ಮುಚ್ಚಿಡುವುದು. ನಾಲ್ಕು ವರ್ಷ ಜೊತೆಯಲ್ಲಿ ಹಾಡು ಕೇಳಿದ ಗೆಳೆಯ ಕಿವಿಯ ಹತ್ತಿರ ಬಂದು ಅರ್ಧ ಮಾತಾಡಿ ಎದ್ದು ಹೋದರೆ ಯಾರಿಗಾದರೂ ಹೆದರಿಕೆಯೇ.

ಹುಸೇನಸಾಬ ಸವಣೂರಿನ ಎಲೆ ವ್ಯಾಪಾರಿ. ಸ್ವಂತ ಎಲೆಬಳ್ಳಿ ತೋಟದ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದ, ತಲೆ ಒಡೆದಿತ್ತು. ಅವನು ಕಣ್ಣಿನಂತೆ ಕಾಪಾಡಿಕೊಂಡಿದ್ದ ಉಡಚವ್ವನ ಪ್ಲೇಟು ಮನೆಯ ಪಡಸಾಲೆಯಲ್ಲಿ ಚೂರುಚೂರಾಗಿ ಬಿದ್ದಿತ್ತು. ಆ ಪ್ಲೇಟನ್ನು ಮುಂಬಯಿಯ ಗಿರಾಕಿಗೆ ಮಾರೋಣವೆಂದು ತಮ್ಮ ರಾಜೇಸಾಬ ಜಗಳ ತೆಗೆದದ್ದನ್ನು ಓಣಿಯೆಲ್ಲ ಕೇಳಿತ್ತು. ನಿನ್ನೆ ಸಂಜೆ ಪೊಲೀಸರು ಅವನನ್ನು ಹಿಡಿದೊಯ್ದರು. ನಾಳೆ ಕೋರ್ಟು, ಅಲ್ಲಿಂದ ಧಾರವಾಡದ ಜೈಲು.

ರಾಜೇಸಾಬ ಅಣ್ಣನ ಮುಂದೆ ದನಿ ಎತ್ತುವವನು ನಿಜ, ಕೈ ಎತ್ತುವವನಲ್ಲ. ಹುಸೇನಸಾಬನ ಹೆಂಡತಿ ಹಾಜರಾಬಿ ಹೊಸ್ತಿಲು ದಾಟದೆ, ಗಂಡ ಸತ್ತ ಮೇಲಿನ ಇದ್ದತ್ತಿನಲ್ಲಿ ಕೂತವಳು. ಇವತ್ತು ಬೆಳಿಗ್ಗೆ ಯಂಕವ್ವ ಹೋದಾಗ ಅವಳ ಎರಡೂ ಕೈ ಹಿಡಿದುಕೊಂಡು, ಒಬ್ಬರು ಮಣ್ಣಿಗೆ ಹೋದರು, ಇನ್ನೊಬ್ಬರನ್ನು ಬಿಡಿಸಿಕೊಡಿ ಅಂದಿದ್ದಳು. ಯಂಕವ್ವ ಬಾಯಿ ತುಂಬ ಆಗಲಿ ಅಂದು ಬಂದಿದ್ದಳು. ಅಂದ ಮೇಲೆ ಮುಗಿಯಿತು. ಆಡಿದ ಮಾತು ತಿರುಗಿ ನುಂಗುವ ಜಾತಿಯಲ್ಲ ಅವಳದು.

ತಿರುಗಿ ಬಂದು ಪಾಳಿಗೆ ಕೂತಾಗ ಬಸ್ಸಿನವನು ಪೆಟ್ಟಿಗೆ ಇಟ್ಟು ಹೋಗಿದ್ದ, ಅದರೊಳಗೆ ಈ ಕ್ಯಾಸೆಟ್ಟು.

ಈ ಪೆಟ್ಟಿಗೆಯ ಕತೆ ಹೇಳಲೇಬೇಕು. ಅಂಗಡಿಯಲ್ಲಿ ಸಿಗದ, ಕಂಪನಿಯವರೇ ಮರೆತ ಹಾಡುಗಳ ಹುಚ್ಚು ಹಿಡಿದವರು ನಾಲ್ಕು ತಾಲೂಕಿನಲ್ಲಿ ನಾಲ್ಕೇ ಮಂದಿ. ಸವಣೂರಿನ ಹುಸೇನಸಾಬ, ಹಿರೇಕೆರೂರಿನ ಹೋಮಿಯೋಪತಿ ಡಾಕ್ಟರು ಉಳಿವೆಪ್ಪ, ಹಾನಗಲ್ಲಿನ ಅರಿವೆ ಅಂಗಡಿಯ ಚನ್ನವೀರಪ್ಪ, ಶಿಗ್ಗಾವಿಯ ಯಂಕವ್ವ. ಕಂಬಳಿ ಹೊಲಿಸಿದ ಒಂದು ಕಟ್ಟಿಗೆ ಪೆಟ್ಟಿಗೆ ಇದೇ ಸರದಿಯಲ್ಲಿ ಬಸ್ಸಿನ ಮೇಲೆ ತಿರುಗುತ್ತಿತ್ತು. ಒಂದೊಂದು ಊರಲ್ಲಿ ಒಂದೊಂದು ವಾರ. ಪ್ಲೇಟು ಬಂದರೆ ಹೊಸ ಮುಳ್ಳು ಹಾಕಿ ಒಮ್ಮೆ ಕೇಳಬೇಕು, ಕ್ಯಾಸೆಟ್ಟಿಗೆ ಇಳಿಸಿಕೊಳ್ಳಬೇಕು, ಮುಂದೆ ಕಳಿಸಬೇಕು.

ಇಳಿಸಿಕೊಂಡವರು ಹಾಡಿನ ಕೊನೆಗೆ ತಮ್ಮ ಹೆಸರು ಹೇಳಿ, ಪ್ಲೇಟು ಯಾರದೋ ಅವರ ಹೆಸರು ಕೂಗಿ, ಒಂದು ಸಲಾಮೋ ಶರಣೋ ಅನ್ನಬೇಕು. ಇದು ಹುಸೇನಸಾಬನೇ ಹಾಕಿದ ರಿವಾಜು. ಹಾಡಿದವರು ಹೆಸರು ಕೂಗಿ ಹೋದರು, ಕೊಟ್ಟವರ ಹೆಸರನ್ನೂ ಯಾರಾದರೂ ಕೂಗಬೇಕಲ್ಲ ಅನ್ನುತ್ತಿದ್ದ. ತನ್ನದೇ ಪ್ಲೇಟು ಇಳಿಸಿದರೆ ಮಾತ್ರ ಸುಮ್ಮನಿರಬೇಕು. ತನ್ನ ಸಲಾಮು ತಾನೇ ಹೊಡೆದುಕೊಳ್ಳುವುದುಂಟೇ?

ಹಾಗಾದರೆ ಉಡಚವ್ವನ ಪ್ಲೇಟಿನ ಕೊನೆಗೆ ಹುಸೇನಸಾಬ ಬಾಯಿ ತೆರೆದದ್ದು ಯಾಕೆ?

ಯಂಕವ್ವ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲಿಂದ ಹಾಕಿದಳು. ಹುಸೇನಸಾಬನ ಪ್ಲೇಟು ಅವಳ ಮನೆಗೆ ಮೂರು ಸಲ ಬಂದಿತ್ತು. ಅದರ ಒಂದೊಂದು ಗೀರೂ ಅವಳಿಗೆ ಬಾಯಿಪಾಠ. ಎರಡನೆಯ ಸಾಲು ಮುಗಿಯುವಲ್ಲಿ ಒಂದು ಟಿಕ್ ಇತ್ತು. ಹುಸೇನಸಾಬ ಸಣ್ಣವನಿದ್ದಾಗ ಮುಳ್ಳು ಬೀಳಿಸಿ ಅಪ್ಪನ ಕೈಲಿ ಹೊಡೆತ ತಿಂದ ಗುರುತು ಅದು.

ಎರಡನೆಯ ಸಾಲು ಬಂತು. ಮುಗಿಯಿತು. ಟಿಕ್ ಇಲ್ಲ.

ಅಂದರೆ ಲೋಕದಲ್ಲಿ ಒಂದೇ ಉಳಿದಿದೆ ಎಂದು ಎಲ್ಲರೂ ನಂಬಿದ್ದ ಉಡಚವ್ವನ ಪ್ಲೇಟು ಇನ್ನೊಂದು ಇತ್ತು. ಯಾರೋ ಅದನ್ನು ಹುಸೇನಸಾಬನಿಗೆ ಕೇಳಲು ಕೊಟ್ಟಿದ್ದರು. ಅವನು ಕ್ಯಾಸೆಟ್ಟಿಗೆ ಇಳಿಸಿ, ಹೆಸರು ಕೂಗಿ, ಸಾಯುವ ದಿನ ಬೆಳಿಗ್ಗೆಯೇ ಪೆಟ್ಟಿಗೆಯಲ್ಲಿಟ್ಟು ಬಸ್ಸಿಗೆ ಹಾಕಿದ್ದ. ಅವನು ಸತ್ತ ಮೇಲೆ ಮನೆಯ ಪ್ಲೇಟುಗಳನ್ನೆಲ್ಲ ಒಂದೊಂದಾಗಿ ಒರೆಸಿ ಎತ್ತಿಟ್ಟವಳು ಯಂಕವ್ವನೇ. ಅಲ್ಲಿ ಒಡೆದದ್ದು ಬಿಟ್ಟರೆ ಉಡಚವ್ವನ ಇನ್ನೊಂದು ಪ್ಲೇಟು ಇರಲಿಲ್ಲ. ಅಂದರೆ ಕೊಟ್ಟವರೇ ಬಂದು ಒಯ್ದಿದ್ದಾರೆ. ತಮ್ಮದೊಂದೇ ಉಳಿಯಲಿ ಅಂತ ಅವನದನ್ನು ಒಡೆದು ಹೋಗಿದ್ದಾರೆ. ಹುಸೇನಸಾಬ ಅಡ್ಡ ಬಂದಿದ್ದಾನೆ.

ಆ ಹೆಸರು ಗೊತ್ತಾದರೆ ರಾಜೇಸಾಬ ನಾಳೆ ಮನೆಯಲ್ಲಿರುತ್ತಾನೆ. ಆ ಹೆಸರನ್ನೇ ಯಾರೋ ಅಳಿಸಿದ್ದರು.

ಪೆಟ್ಟಿಗೆ ಸವಣೂರು ಬಿಟ್ಟ ಮೇಲೆ ಹಿರೇಕೆರೂರು, ಆಮೇಲೆ ಹಾನಗಲ್ಲು, ಆಮೇಲೆ ತನ್ನ ಕೈ. ಅಳಿಸಿದವರು ಇಬ್ಬರಲ್ಲಿ ಒಬ್ಬರು.

ಅವಳು ಟೇಪ್‌ರೆಕಾರ್ಡರಿಗೆ ಕಿವಿ ಹಚ್ಚಿ ಆ ಖಾಲಿ ಜಾಗವನ್ನೇ ಕೇಳಿದಳು. ನಾಲ್ಕು ಸೆಕೆಂಡು ಇದ್ದೀತು. ಮತ್ತೆ ಕೇಳಿದಳು. ಮಾತು ಅಳಿಸಬೇಕೆಂದರೆ ರೆಕಾರ್ಡ್ ಗುಂಡಿ ಒತ್ತಿ ಬಾಯಿ ಮುಚ್ಚಿಕೊಂಡು ಕೂರುವುದು. ಅಳಿಸಿದವರು ಹಾಗೇ ಕೂತಿದ್ದರು. ಒಳಗಿನ ಮೈಕು ಮಾತ್ರ ಕೆಲಸ ಮಾಡುತ್ತಲೇ ಇತ್ತು. ಅವರು ಸುಮ್ಮನಿದ್ದರು, ಅವರ ಮನೆ ಸುಮ್ಮನಿರಲಿಲ್ಲ.

ಮೊದಲು ಯಾರದೋ ಉಸಿರು. ಅದರ ಹಿಂದೆ, ದೂರದಲ್ಲಿ, ಕುಂಯ್... ಕುಂಯ್... ಕುಂಯ್.

ಯಂಕವ್ವ ಕಣ್ಣು ಮುಚ್ಚಿದಳು. ಹತ್ತೊಂಬತ್ತು ವರ್ಷ ಬೋರ್ಡಿನ ಮುಂದೆ ಕೂತವಳಿಗೆ ಊರೂರಿನ ಮನೆಗಳು ಸದ್ದಿನಲ್ಲೇ ಗುರುತು. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ಟ್ರಂಕ್ ಕಾಲು ಅವಳ ಕೈ ದಾಟಿಯೇ ಹೋಗಬೇಕಿತ್ತು. ಚನ್ನವೀರಪ್ಪ ಅರಿವೆ ಠಾಣುಗಳಿಗೆಂದು ಹುಬ್ಬಳ್ಳಿ ಕೇಳಿದಾಗಲೆಲ್ಲ ಅವನ ಮಾತಿನ ಹಿಂದೆ ಈ ಕುಂಯ್ ಇರುತ್ತಿತ್ತು. ಸಾವಕಾರ್ರ, ನಿಮ್ಮ ಫ್ಯಾನು ಅಳಾಕತ್ತೈತಿ, ಎಣ್ಣಿ ಹಾಕ್ಸ್ರಿ ಎಂದು ಅವಳು ಚಾಷ್ಟಿ ಮಾಡುವುದು, ಹಾಕಿಸಿದರೆ ಮಾತಾಡುವವನು ನಾನೇ ಅಂತ ನಿಮಗೆ ಹೇಗೆ ಗೊತ್ತಾಗಬೇಕು ಎಂದು ಅವನು ನಗುವುದು ನಾಲ್ಕು ವರ್ಷದಿಂದ ನಡೆದೇ ಇತ್ತು.

ನಾಲ್ಕಕ್ಕೆ ಪಾಳಿ ಬಿಟ್ಟವಳೇ ಕ್ಯಾಸೆಟ್ಟನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದಳು.

ಚನ್ನವೀರಪ್ಪ ಒಬ್ಬನೇ ಇದ್ದ. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳಂತೆ. ಅರವತ್ತು ದಾಟಿದ ಮನುಷ್ಯ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಇವತ್ತು ಬರೀ ಬನಿಯನ್ನಿನಲ್ಲಿ ಬಾಗಿಲು ತೆರೆದ. ಅವಳನ್ನು ನೋಡಿ ಹಿಂದೆ ಸರಿದು, ಬರ್ರಿ, ಕುಂಡ್ರಿ ಅಂದ. ನಾಲ್ಕು ವರ್ಷದ ಪರಿಚಯದಲ್ಲಿ ಇಬ್ಬರೂ ಎದುರುಬದುರು ಕೂತದ್ದು ಎರಡೇ ಸಲ. ಉಳಿದದ್ದೆಲ್ಲ ತಂತಿಯ ಮೇಲಿನ ಬಳಕೆ.

ಯಂಕವ್ವ ಕೂತು ಮೇಲೆ ನೋಡಿದಳು. ಫ್ಯಾನು ಗಿರಗಿರ ತಿರುಗುತ್ತಿತ್ತು. ಒಂಚೂರೂ ಸದ್ದಿಲ್ಲ.

‘ಎಣ್ಣಿ ಹಾಕ್ಸೀರಿ.’

‘ನೀವ ಹೇಳಿದ್ರಲ್ರಿ.’

‘ನಾಕು ವರ್ಷದಿಂದ ಹೇಳಾಕತ್ತೇನಿ. ಈಗ್ಯಾಕ ನೆನಪಾತು?’

‘ಮೊನ್ನೆ ಫೋನಿನ್ಯಾಗ ಮತ್ತ ಹೇಳಿದ್ರಿ. ಈ ಸಲ ನಗಲಿಲ್ಲ ನೀವು. ಅದಕ್ಕ ಹಾಕ್ಸಿದೆ.’

ಮೊನ್ನೆ ಅವಳು ಇವನ ಜೊತೆ ಮಾತಾಡಿರಲಿಲ್ಲ. ಮುದುಕನಿಗೆ ದಿನದ ಲೆಕ್ಕ ತಪ್ಪಿದೆ ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಳು. ಬಿಡಬಾರದಿತ್ತು. ಸೆರಗಿನ ಗಂಟು ಬಿಚ್ಚಿ ಕ್ಯಾಸೆಟ್ಟನ್ನು ಅವನ ಮುಂದಿನ ಸ್ಟೂಲಿನ ಮೇಲಿಟ್ಟಳು.

‘ಇದರಾಗಿನ ಹೆಸರು ಅಳಿಸಿದವರು ನೀವು. ನಿಮ್ಮ ಫ್ಯಾನು ಇದರಾಗ ಕುಂತು ಅಳಾಕತ್ತೈತಿ.’

ಚನ್ನವೀರಪ್ಪ ಕ್ಯಾಸೆಟ್ಟಿನ ಕಡೆ ನೋಡಲೇ ಇಲ್ಲ. ಅವಳ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಿಕ್ಕಿಬಿದ್ದವನ ಹೆದರಿಕೆ ಇರಲಿಲ್ಲ. ಹಾವಿನ ಹತ್ತಿರ ಕೂತವನು ಅಲುಗಾಡದೆ ಇರುತ್ತಾನಲ್ಲ, ಹಾಗೆ ಕೂತಿದ್ದ.

‘ಹೌದ್ರಿ. ನಾನ ಅಳಿಸೇನಿ.’

‘ಯಾರ ಹೆಸರು?’

‘ನನ್ನ ಬಾಯಿಲೆ ಹೇಳಸಬ್ಯಾಡ್ರಿ ಯಂಕವ್ವಾರ. ನಿಮಗ ಗೊತ್ತಿರೂದ ಐತಿ.’

ಅವಳಿಗೆ ಸಿಟ್ಟು ನೆತ್ತಿಗೇರಿತು. ಒಗಟು ಬಿಡಿಸಲು ಇಷ್ಟು ದೂರ ಬಂದಿಲ್ಲ ಅಂದಳು. ಲಾಕಪ್ಪಿನಲ್ಲಿ ಒಬ್ಬ ಮನುಷ್ಯ ಅನ್ನ ಮುಟ್ಟದೆ ಕೂತಿದ್ದಾನೆ, ಮನೆಯಲ್ಲಿ ಒಬ್ಬ ಹೆಂಗಸು ಗೋಡೆ ನೋಡುತ್ತ ಕೂತಿದ್ದಾಳೆ, ನಿಮಗೆ ಹುಸೇನಸಾಬ ಕೊಟ್ಟ ಹಾಡುಗಳೆಷ್ಟು, ಎಣಿಸಿದ್ದೀರಾ ಎಂದು ಕೇಳಿದಳು.

‘ನಾಳೆ ರಾಜೇಸಾಬ ಜೇಲಿಗೆ ಹೊಂಟಾನ. ನೀವು ಹೆಸರು ನುಂಗಿ ಕುಂತೀರಿ. ನಾಚಿಕಿ ಬರೂದಿಲ್ಲೇನ್ರಿ?’

ಚನ್ನವೀರಪ್ಪ ಎದ್ದ. ಅಲಮಾರಿಯಿಂದ ಇನ್ನೊಂದು ಕ್ಯಾಸೆಟ್ಟು ತೆಗೆದ. ಅಳಿಸುವ ಮೊದಲೇ ತನಗೊಂದು ಪ್ರತಿ ಇಳಿಸಿಕೊಂಡಿದ್ದನಂತೆ. ಇಳಿಸಿಕೊಳ್ಳದೆ ಬಿಡುವ ಪೈಕಿ ಅಲ್ಲವಲ್ಲ ಈ ನಾಲ್ವರಲ್ಲಿ ಯಾರೂ. ಅದನ್ನು ಟೇಪ್‌ರೆಕಾರ್ಡರಿಗೆ ಹಾಕಿ, ಹಾಡು ದಾಟಿಸಿ, ಕೊನೆಗೆ ತಂದು ಬಿಟ್ಟ.

ಉಡಚವ್ವ ಹೆಸರು ಕೂಗಿದಳು. ಮುಳ್ಳು ಉಜ್ಜಿತು. ಹುಸೇನಸಾಬ ಗಂಟಲು ಸರಿಮಾಡಿಕೊಂಡ.

‘ನಾನು ಸವಣೂರ ಹುಸೇನಸಾಬ. ಈ ಪ್ಲೇಟು ಶಿಗ್ಗಾವಿ ಯಂಕವ್ವಾರದು. ಅವರಿಗೆ ಸಲಾಮು.’

ಯಂಕವ್ವ ಟೇಪ್‌ರೆಕಾರ್ಡರಿನ ಕಡೆ ಬಾಗಿದಳು.

ಇನ್ನೊಮ್ಮೆ ಹಾಕ್ರಿ ಅಂದಳು. ಅವನು ಹಾಕಿದ. ಸುಳ್ಳು ಹುಡುಕಲು ಅವಳು ಕಿವಿಯನ್ನೆಲ್ಲ ಅದರಲ್ಲಿಟ್ಟು ಕೇಳಿದಳು. ದಮ್ಮಿನ ರೋಗದ ಹುಸೇನಸಾಬ ಮಾತಿನ ನಡುವೆ ಎಳೆದುಕೊಳ್ಳುವ ಆ ಉಸಿರು ಅಲ್ಲೇ ಇತ್ತು. ಕತ್ತರಿಸಿ ಅಂಟಿಸಿದ್ದಲ್ಲ. ತಡವರಿಸಲೂ ಇಲ್ಲ ಅವನು. ಯಂಕವ್ವಾರದು ಅನ್ನುವಾಗ ದನಿಯಲ್ಲಿ ನಿಜವಾದ ಖುಷಿ ಇತ್ತು. ಅವಳಿಗೆ ಅಳು ಬಂತು. ಆ ಎರಡನೆಯ ಪ್ಲೇಟನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ.

‘ಇದು ನನ್ನದಲ್ರಿ ಸಾವಕಾರ್ರ.’

‘ಹಂಗಾರ ಅಳಸ್ರಿ ಅಂತ ಯಾಕ ಫೋನ್ ಮಾಡಿದ್ರಿ?’

‘ನಾನು?’

‘ಐದು ದಿವಸದ ಹಿಂದ. ಕ್ಯಾಸೆಟ್ಟಿನ ಕಡೀ ಮಾತು ಯಾರ ಕಿವಿಗೂ ಬೀಳಬಾರ್ದು, ಅಳಿಸಿ ಪೆಟಗಿ ಮುಂದ ಕಳಸ್ರಿ ಅಂದ್ರಿ. ನಿಮ್ಮ ದನಿ ನನಗ ಗೊತ್ತಾಗೂದಿಲ್ಲೇನ್ರಿ? ದಿನಾ ಕೇಳೂ ದನಿ.’

ಆಗ ಅವಳಿಗೆ ಮೊನ್ನೆಯ ಫೋನು ನೆನಪಾಯಿತು. ಅವಳು ಮಾಡದ ಫೋನು. ಎಣ್ಣೆ ಹಾಕಿಸಿರಿ ಎಂದು ನಗದೆ ಹೇಳಿದ ಯಂಕವ್ವ.

ನಾಲ್ಕು ತಾಲೂಕಿಗೂ ಅವಳು ಒಂದು ದನಿ, ಅಷ್ಟೇ. ಮುಖ ನೋಡಿದವರು ಬೆರಳೆಣಿಕೆ. ಯಾವ ನಂಬರ್ ಬೇಕ್ರಿ ಎಂದು ಕೇಳುವ ಆ ದನಿಯನ್ನು ಯಾರಾದರೂ ಕಲಿತುಕೊಂಡರೆ ಸಾಕು, ಅವರೇ ಯಂಕವ್ವ. ಅದೇ ದನಿಯಲ್ಲಿ ಹುಸೇನಸಾಬನಿಗೆ ಫೋನ್ ಮಾಡಿ, ನಂದೊಂದು ಪ್ಲೇಟು ಕಳಿಸ್ತೇನಿ ಅಂದಿದ್ದಾರೆ. ಅವನು ಖುಷಿಯಿಂದ ಸಲಾಮು ಹೊಡೆದಿದ್ದಾನೆ. ಫ್ಯಾನಿನ ಚಾಷ್ಟಿ ಸಹ ಅವರಿಗೆ ಗೊತ್ತಿದೆ. ಅವಳು ಬೋರ್ಡಿನಲ್ಲಿ ಕೂತು ಊರನ್ನೆಲ್ಲ ಕೇಳುತ್ತಿದ್ದಾಗ ಯಾರೋ ಅವಳನ್ನು ಕೇಳುತ್ತ ಕೂತಿದ್ದರು. ಎಷ್ಟು ದಿನದಿಂದಲೋ.

ಇದನ್ನೆಲ್ಲ ಅವಳು ಹೇಳಿದಳು. ಚನ್ನವೀರಪ್ಪ ತಲೆ ಅಲ್ಲಾಡಿಸಿದ. ನಂಬಿದನೋ, ನಂಬಿದಂತೆ ಮಾಡಿದನೋ ತಿಳಿಯಲಿಲ್ಲ. ಕ್ಯಾಸೆಟ್ಟು ಹೊರಗೆ ತೆಗೆದು ಅವಳ ಕಡೆ ಸರಿಸಿದ.

‘ಒಯ್ದು ಒಲಿಗೆ ಹಾಕ್ರಿ. ನಾ ಏನೂ ಕೇಳಿಲ್ಲ ಅಂತೇನಿ.’

ಅವಳು ಕ್ಯಾಸೆಟ್ಟು ಕೈಗೆತ್ತಿಕೊಂಡಳು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಅಂಗೈಯಲ್ಲಿ ಅಡಗುವಷ್ಟು. ಒಲೆಗೆ ಹಾಕಿದರೆ ಅವಳು ಉಳಿದಳು, ರಾಜೇಸಾಬ ಹೋದ. ಫೌಜದಾರರ ಮೇಜಿನ ಮೇಲಿಟ್ಟರೆ ರಾಜೇಸಾಬ ಹೊರಗೆ, ಅವಳು ಒಳಗೆ. ನಾನಲ್ಲ, ನನ್ನ ದನಿ ಅಂದರೆ ನಂಬುವವರು ಯಾರು? ಅವಳಿಗೇ ನಗು ಬರುವಂತಿತ್ತು ಆ ಮಾತು.

ಹಾಜರಾಬಿ ಹಿಡಿದ ಕೈ ಇನ್ನೂ ಬಿಸಿಯಾಗಿತ್ತು. ಕೊಟ್ಟವರ ಹೆಸರು ಕೂಗಬೇಕು ಎಂದು ರಿವಾಜು ಹಾಕಿದವನು ಸತ್ತಿದ್ದ. ಅವನು ಕೂಗಿದ ಹೆಸರನ್ನು ಅಳಿಸಲು ತಾನ್ಯಾರು?

‘ಫೋನ್ ಮಾಡತೇನ್ರಿ ಸಾವಕಾರ್ರ. ಸವಣೂರ ಠಾಣೇಕ.’

ಚನ್ನವೀರಪ್ಪ ಫೋನಿನ ಕಡೆ ಕೈ ತೋರಿಸಿದ. ಮಾಡ್ರಿ, ನೀರು ತರತೇನಿ ಎಂದು ಒಳಗೆ ಹೋದ. ನಡುಮನೆಯ ಕತ್ತಲಲ್ಲಿ ಅವನ ಬಿಳಿ ಬನಿಯನ್ನು ಸ್ವಲ್ಪ ಹೊತ್ತು ಕಂಡು ಮರೆಯಾಯಿತು.

ಲೈನು ಸಿಗಲು ಹೊತ್ತು ಹಿಡಿಯಿತು. ಎತ್ತಿದವನು ಜಮಾದಾರ ಫಕ್ಕೀರಪ್ಪ, ಅವಳನ್ನು ಅಕ್ಕಾ ಎಂದು ಕರೆಯುವವನು. ಅವಳು ಉಸಿರು ಗಟ್ಟಿ ಮಾಡಿಕೊಂಡಳು.

‘ಜಮಾದಾರ್ರ, ನಾನು ಶಿಗ್ಗಾವಿ ಯಂಕವ್ವ. ಹುಸೇನಸಾಬ್ರ ಕ್ಯಾಸೆಟ್ಟಿನಾಗ ಅಳಿಸಿದ ಹೆಸರು ಸಿಕ್ಕೈತಿ. ರಾಜೇಸಾಬನ್ನ ಬಿಡ್ರಿ. ಹೆಸರು ಬರಕೊಳ್ರಿ, ಹೇಳತೇನಿ.’

ಆ ಕಡೆಯಿಂದ ಕುರ್ಚಿ ಎಳೆದ ಸದ್ದು, ಬಾಗಿಲು ಮುಚ್ಚಿದ ಸದ್ದು. ಮತ್ತೆ ಬಂದಾಗ ಫಕ್ಕೀರಪ್ಪನ ದನಿ ತಗ್ಗಿತ್ತು.

‘ಅಕ್ಕಾರ, ನೀವು ಈಗ ಎಲ್ಲಿ ಅದೀರಿ?’

‘ಹಾನಗಲ್ಲದಾಗ. ಚನ್ನವೀರಪ್ಪನೋರ ಮನ್ಯಾಗ.’

‘ಹಂಗಾರ ಖರೇನ ಅಲ್ಲೇ ಅದೀರಿ.’ ಅವನು ಕಾಗದ ಮಗುಚಿದ್ದು ತಂತಿಯಲ್ಲಿ ಕೇಳಿಸಿತು. ‘ಹತ್ತು ಮಿನಿಟಿನ ಹಿಂದ ನೀವ ಫೋನ್ ಮಾಡಿದ್ರಲ್ರಿ. ಹೆಸರು ನಂದ, ಬರಕೊಳ್ರಿ ಅಂದ್ರಿ. ಚನ್ನವೀರಪ್ಪನ ಮನ್ಯಾಗ ಅದೇನಿ, ಅಂವ ಇನ್ನ ಮ್ಯಾಲೆ ಯಾರ ಹೆಸರೂ ಕೂಗೂದಿಲ್ಲ ಅಂದ್ರಿ.’

ಯಂಕವ್ವ ಫೋನು ಹಿಡಿದುಕೊಂಡೇ ತಿರುಗಿದಳು. ನೀರು ತರಲು ಹೋದವನು ಇನ್ನೂ ಬಂದಿರಲಿಲ್ಲ. ಸಾವಕಾರ್ರ ಎಂದು ಕರೆದಳು. ಇನ್ನೊಮ್ಮೆ ಕರೆದಳು. ಒಳಗೆ ಎಲ್ಲೋ ಒಂದು ತಂಬಿಗೆ ಉರುಳಿ, ಗೋಡೆಗೆ ತಾಗಿ ನಿಂತಿತು.

ಆಮೇಲೆ ಕತ್ತಲ ನಡುಮನೆಯಲ್ಲಿ ಗ್ರಾಮಫೋನಿನ ಮುಳ್ಳು ಪ್ಲೇಟಿನ ಮೇಲೆ ಕೂತಿತು.

ಉಡಚವ್ವ ಹಾಡತೊಡಗಿದಳು. ಕ್ಯಾಸೆಟ್ಟಿನ ದನಿಯಲ್ಲ, ಪ್ಲೇಟಿನದೇ ದನಿ, ತುಂಬು ದನಿ. ಮೊದಲ ಸಾಲು ದಾಟಿತು. ಎರಡನೆಯ ಸಾಲು ಹತ್ತಿ, ಇಳಿದು, ಮುಗಿಯಿತು. ಯಂಕವ್ವ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಟಿಕ್ ಬರಲಿಲ್ಲ.

‘ಅಕ್ಕಾರ,’ ಫೋನಿನಲ್ಲಿ ಫಕ್ಕೀರಪ್ಪ ಕೇಳಿದ, ‘ನಿಮ್ಮ ಹಿಂದ ಹಾಡು ಹಚ್ಚಿದವರು ಯಾರು?’